ನೆರಳಿಲ್ಲದ ದೊರೆ ಮತ್ತು ಅಜ್ಜಂಪುರದ ಊಟ

ಜನವರಿ 9, ಗುರುವಾರ

ಇಷ್ಟು ವರ್ಷ ಓಡುವ ಗಾಡಿಯಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ಕುಡಿದವರು ತಳ್ಳಿದ್ದಾರೆ, ಬಾಗಿಲಲ್ಲಿ ಜೋತಾಡಿದ್ದೇನೆ, ಕಾಲಿಗೆ ಒಂದು ಗೀರು ಬಿದ್ದಿರಲಿಲ್ಲ. ಹೋದ ಶನಿವಾರ ಸಂಕ್ರಾಂತಿಗೆಂದು ಮನೆಯ ಜೇಡರ ಬಲೆ ತೆಗೆಯಲು ಸ್ಟೂಲ್ ಹತ್ತಿದವನು ಬಿದ್ದು ಎಡಗಾಲು ಮುರಿದುಕೊಂಡೆ. ಬೀರೂರು ಸ್ಟೇಷನ್ನಿನಲ್ಲಿ ಇದನ್ನು ಹೇಳಿದರೆ ನಿವೃತ್ತಿಯಾಗುವವರೆಗೂ ನಗುತ್ತಾರೆ. ಬಚ್ಚಲಲ್ಲಿ ಜಾರಿದೆ ಎಂದು ಹೇಳಿಸಿದ್ದೇನೆ. ಫೆಬ್ರವರಿ ಮಧ್ಯದವರೆಗೆ ಪ್ಲಾಸ್ಟರ್, ವಾಕರ್ ಮತ್ತು ಈ ನಾಲ್ಕು ಗೋಡೆ.

ಡೈರಿ ತಂದುಕೊಟ್ಟವಳು ಮಗಳು ದೀಪಶ್ರೀ. ತರೀಕೆರೆಯ ಒಂದು ಬ್ಯಾಂಕಿನಲ್ಲಿ ಕ್ಲರ್ಕ್. ಬೆಳಿಗ್ಗೆ ಗಾಡಿಗೆ ಹೋಗಿ ಸಂಜೆ ಗಾಡಿಗೆ ಬರುತ್ತಾಳೆ. "ಸುಮ್ನೆ ಕೂತ್ರೆ ನನ್ನೇ ಚೆಕ್ ಮಾಡೋಕೆ ಶುರು ಮಾಡ್ತೀರಾ ಅಪ್ಪಾಜಿ, ಇದ್ರಲ್ಲಿ ಏನಾದ್ರೂ ಬರ್ಕೊಳಿ" ಎಂದಳು. ಅವಳಮ್ಮ ಹೋದ ಮೇಲೆ ಈ ಮನೆಯಲ್ಲಿ ಇರುವುದು ನಾವಿಬ್ಬರೇ. ಚೆಕ್ ಮಾಡದೆ ಏನು ಮಾಡಲಿ?

ಅನುಮಾನಕ್ಕೆ ಕಾರಣವಿದೆ. ಅಜ್ಜಂಪುರದಲ್ಲಿರುವ ನನ್ನಕ್ಕ ಕಾಶಮ್ಮ ಅಲ್ಲೇ ಒಂದು ಒಳ್ಳೆಯ ಸಂಬಂಧ ನೋಡಿದ್ದಾಳೆ. ಆ ಮಾತೆತ್ತಿದರೆ ದೀಪು "ನೋಡೋಣ" ಎನ್ನುತ್ತಾಳೆ, ಎದ್ದು ಹೋಗುತ್ತಾಳೆ. ಆಮೇಲೆ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಫೋನು ನೋಡುತ್ತಾ ಒಬ್ಬಳೇ ನಗುತ್ತಾಳೆ. ಟಿಕೆಟ್ ಇಲ್ಲದವನು ನನ್ನ ಕರಿ ಕೋಟು ಕಂಡ ಕೂಡಲೇ ಕಿಟಕಿಯ ಹೊರಗೆ ನೋಡುತ್ತಾನೆ. ಮದುವೆ ಮಾತು ಬಂದಾಗ ಇವಳೂ ಹಾಗೇ ಕಿಟಕಿ ನೋಡುತ್ತಾಳೆ. ಹಿಂದೆ ಯಾರೋ ಒಬ್ಬ ಹುಡುಗ ಇದ್ದಾನೆ.

ಜನವರಿ 11, ಶನಿವಾರ

ಎರಡನೇ ಶನಿವಾರ, ಅವಳಿಗೆ ರಜೆ. ಫೋನಿನಲ್ಲಿ ನೋಡುವುದು ಏನೆಂದು ಇಂದು ಗೊತ್ತಾಯಿತು. ಕಾರ್ಟೂನು. ಇಪ್ಪತ್ತಾರು ವರ್ಷದ ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ನೋಡುವುದು ಕಾರ್ಟೂನು. "ಕಾರ್ಟೂನಲ್ಲ ಅಪ್ಪಾಜಿ, ಅನಿಮೆ. ಜಪಾನಿಂದು" ಎಂದಳು. ಹೆಸರನ್ನು ಕನ್ನಡಕ್ಕೆ ತಂದರೆ 'ನೆರಳಿಲ್ಲದ ದೊರೆ' ಎಂದಾಗುತ್ತದಂತೆ.

ಕಳ್ಳ ಮಾಲು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಾದರೆ ಆ ಗಾಡಿಯನ್ನೇ ಹತ್ತಬೇಕು. "ಹೊತ್ತು ಹೋಗ್ತಿಲ್ಲ, ಟಿವೀಲಿ ಹಾಕು, ನಾನೂ ನೋಡ್ತೀನಿ" ಎಂದೆ. ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಅವಳಿಗೂ ನನ್ನ ಮೇಲೆ ಅನುಮಾನ ಬಂದಂತಿತ್ತು. ಆದರೂ ಮೊದಲನೇ ಕಂತಿನಿಂದ ಹಾಕಿದಳು. ಅವಳು ಆಗಲೇ ನೋಡಿ ಮುಗಿಸಿದ್ದಾಳಂತೆ, ಇದು ಎರಡನೇ ಸಲ.

ಕಥೆ ಇಷ್ಟು: ಹಿಮ ಬೀಳುವ ಬೆಟ್ಟದಲ್ಲಿ ಒಬ್ಬ ದೊರೆ. ಯಾವುದೋ ಶಾಪದಿಂದ ಅವನ ನೆರಳು ಅವನನ್ನು ಬಿಟ್ಟು ಹೋಗಿ ಊರೆಲ್ಲ ತಾನೇ ತಿರುಗುತ್ತದೆ. ಹಿಸಾನೆ ಎಂಬ ಹುಡುಗಿ ಕಾಗದದ ಲಾಂದ್ರ ಮಾಡುವವಳು. ಅವಳು ಹಚ್ಚಿದ ಲಾಂದ್ರದ ಬೆಳಕಿನಲ್ಲಿ ಮಾತ್ರ ಆ ನೆರಳು ಕಣ್ಣಿಗೆ ಬೀಳುತ್ತದೆ. ಅವಳ ಚಿಕ್ಕಪ್ಪ ದೊರೆಯ ಜೊತೆ ಅವಳ ಮದುವೆ ಗೊತ್ತು ಮಾಡುತ್ತಾನೆ. ಹಿರಿಯರು ಮಾತಾಡಿದರು, ಹುಡುಗಿ ತಲೆ ತಗ್ಗಿಸಿ ಹೊರಟಳು. ಅಷ್ಟರಮಟ್ಟಿಗೆ ಕ್ರಮ ಸರಿಯಾಗಿದೆ.

ದೋಷಗಳು ಬೇಕಾದಷ್ಟಿವೆ. ಕಣ್ಣುಗಳು ಅರ್ಧ ಮುಖ ತಿಂದಿವೆ. ದೊರೆ ಮಾತಾಡುವಾಗಲೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಅಷ್ಟು ಹಿಮ ಬಿದ್ದರೂ ಅವನ ತಲೆಗೂದಲು ಒದ್ದೆಯಾಗುವುದಿಲ್ಲ. ಹುಡುಗಿ ಇಪ್ಪತ್ತು ನಿಮಿಷದಲ್ಲಿ ಎರಡು ಸಲ ಎಡವಿ ಎರಡು ಸಲವೂ ಅವನ ತೋಳಿಗೇ ಬೀಳುತ್ತಾಳೆ. ನಾನು ಸ್ಟೂಲಿನಿಂದ ಬಿದ್ದಾಗ ಕೆಳಗೆ ಯಾರೂ ಇರಲಿಲ್ಲ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಅಕ್ಕ ಎಳ್ಳು ಬೆಲ್ಲ ಹಿಡಿದು ಬಂದಿದ್ದಳು. ಜೊತೆಗೆ ಹುಡುಗನ ಫೋಟೋ. ಹೆಸರು ಓಂಕಾರೇಶ್. ತಂದೆ ಸೋಮಶೇಖರಪ್ಪ, ಅಜ್ಜಂಪುರದಲ್ಲಿ ಈರುಳ್ಳಿ, ಕೊಬ್ಬರಿ ವ್ಯಾಪಾರ. ಮಠದ ಭಕ್ತರು, ಹಳೆಯ ಮನೆತನ. ಹುಡುಗ ಅಂಗಡಿ ನೋಡಿಕೊಳ್ಳುತ್ತಾನೆ.

"ಹುಡುಗ ಬಾಯಿ ಸತ್ತೋನು ಕಣೇ, ಒಂದು ಮಾತು ಎದುರಾಡಲ್ಲ" ಎಂದಳು ಅಕ್ಕ. ಇದು ಹೊಗಳಿಕೆ.

ದೀಪು ಫೋಟೋ ನೋಡಿದಳು. "ನೋಡೋಣ ಅತ್ತೆ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಕೋಣೆಯಿಂದ ಫೋನಿನ ಮಾತು ಕೇಳಿಸಿತು: "ಅಯ್ಯೋ ದುಷ್ಯಂತ್, ಹತ್ತನೇ ಎಪಿಸೋಡ್ ನೋಡಿ ಆಮೇಲೆ ಹೇಳಿ." ನಗು.

ಹೆಸರು ಸಿಕ್ಕಿತು. ಅಕ್ಕನಿಗೆ ಹೇಳಲಿಲ್ಲ. ಇಪ್ಪತ್ತಾರನೇ ತಾರೀಕು ಭಾನುವಾರ ಹುಡುಗನ ಮನೆ ನೋಡಲು ಹೋಗುವುದೆಂದು ಮಾತಾಯಿತು.

ಜನವರಿ 17, ಶುಕ್ರವಾರ

ನಾಲ್ಕನೇ ಕಂತು. ಕಾರ್ಟೂನಿನಲ್ಲಿ ರೈಲು ಬಂತು. ಬೆಟ್ಟ ಹತ್ತುವ ಪುಟ್ಟ ಗಾಡಿ, ಮರದ ಬೆಂಚು, ಕಿಟಕಿಯಾಚೆ ಹಿಮ. ಹಿಸಾನೆ ಪಕ್ಕದಲ್ಲಿ ದೊರೆಯ ನೆರಳು ಕೂತಿದೆ. ಕರಿ ಟೋಪಿಯ ಟಿಕೆಟ್ ಕಲೆಕ್ಟರ್ ಬಂದ, ಇವಳನ್ನು ನೋಡಿ ನಸುನಕ್ಕ, ಟೋಪಿ ಎತ್ತಿ ನಮಸ್ಕರಿಸಿ ಮುಂದೆ ಹೋದ. ಟಿಕೆಟ್ ಕೇಳಲೇ ಇಲ್ಲ.

"ಇದು ಸುಳ್ಳು. ಇಂಥವನನ್ನ ಯಾವ ಇಲಾಖೆಯೂ ಇಟ್ಕೊಳಲ್ಲ" ಎಂದೆ. ದೀಪು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹೀಗೆ ನಕ್ಕು ಬಹಳ ಕಾಲವಾಗಿತ್ತು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ.

ಜನವರಿ 20, ಸೋಮವಾರ

ಆರನೇ ಕಂತು. ಊರಿನಲ್ಲಿ ಹಿಸಾನೆಯ ಅಜ್ಜಿಗೆ ಕಾಯಿಲೆ. ಲಾಂದ್ರದ ಕೆಲಸ ಕಲಿಸಿದ ಅಜ್ಜಿ. ದೊರೆಗೆ ಸುದ್ದಿ ಗೊತ್ತಿದೆ, ಅವಳಿಗೆ ಹೇಳುವುದಿಲ್ಲ. ಹೇಳಿದರೆ ಹಿಮದಲ್ಲಿ ಒಬ್ಬಳೇ ಹೊರಟುಬಿಡುತ್ತಾಳೆಂಬ ಭಯ. ಇದರ ಮೇಲೆ ನಮ್ಮಿಬ್ಬರಿಗೂ ಮಾತು ಬೆಳೆಯಿತು.

"ಅವನು ಮಾಡಿದ್ದು ಸರಿಯಾಗಿದೆ. ಅವಳ ಒಳ್ಳೇದಕ್ಕೇ ತಾನೆ" ಎಂದೆ.

"ಒಳ್ಳೇದು ಅಂತ ಇವನೊಬ್ನೇ ತೀರ್ಮಾನ ಮಾಡಿದ್ದು ಅಪ್ಪಾಜಿ. ಅವಳನ್ನ ಒಂದು ಮಾತು ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಹೋಗ್ತೀನಿ ಅಂತಿದ್ಳು."

"ಹೋಗ್ಲಿ. ಅವಳ ಅಜ್ಜಿ."

ಇವಳ ತಲೆ ಕೆಡಿಸುತ್ತಿರುವುದು ಇದೇ. ಪ್ರತಿಯೊಂದಕ್ಕೂ ಕೇಳಬೇಕಂತೆ.

ಆದರೂ ಒಂದು ದೃಶ್ಯದ ಬಗ್ಗೆ ಬರೆದಿಡುತ್ತೇನೆ. ಹಿಸಾನೆ ಚಳಿಯಲ್ಲಿ ಬಿದಿರ ಕಡ್ಡಿ ಬಗ್ಗಿಸುತ್ತಾ ಕೂತಿದ್ದಾಳೆ. ದೊರೆ ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಅವನ ನೆರಳು ಮಾತ್ರ ಬಂದು ಅವಳ ಎದುರು ಕೂರುತ್ತದೆ. ಅದು ಯಾರನ್ನೂ ಮುಟ್ಟಲಾರದು. ಅವಳ ಕೈಯ ನೆರಳು ಗೋಡೆಯ ಮೇಲೆ ಬಿದ್ದಿದೆಯಲ್ಲ, ಅದರ ಮೇಲೆ ಮೆಲ್ಲಗೆ ತನ್ನ ಕೈ ಇಡುತ್ತದೆ. ಒಂದು ಮಾತಿಲ್ಲ. ಚಾವಣಿಯಿಂದ ಹಿಮ ಜಾರಿ ಬೀಳುವ ಸದ್ದು ಮಾತ್ರ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದುವ ಕೆಲಸ ಇರಲಿಲ್ಲವಾದ್ದರಿಂದ ಪೂರ್ತಿ ನೋಡಿದೆ. ದೀಪುವಿನ ಅಮ್ಮನಿಗೆ ನಾನು ಹೇಳದೇ ಬಿಟ್ಟ ಮಾತುಗಳು ನೆನಪಾದವು. ಕಣ್ಣಿಗೆ ಏನೋ ಬಿದ್ದಂತಾಗಿ ಒರೆಸಿಕೊಂಡೆ.

ಜನವರಿ 22, ಬುಧವಾರ

ಕಲ್ಲೇಶನಿಗೆ ಫೋನು ಮಾಡಿದೆ. ನನ್ನ ಜೊತೆ ಟಿಕೆಟ್ ತಪಾಸಣೆಯಲ್ಲಿರುವವನು, ನನಗಿಂತ ಚಿಕ್ಕವನು. ತರೀಕೆರೆ ಗಾಡಿಯಲ್ಲಿ ದೀಪು ಯಾರ ಜೊತೆ ಕೂರುತ್ತಾಳೆ, ದುಷ್ಯಂತ ಎಂಬವನು ಯಾರು, ಸ್ವಲ್ಪ ಗಮನಿಸು ಎಂದೆ. "ಏನ್ ಮೂರ್ತಣ್ಣ, ಮಗಳ ಮೇಲೇ ಸ್ಕ್ವಾಡ್ ಬಿಡ್ತೀಯಾ" ಎಂದ. ಸುಮ್ಮನೆ ಹೇಳಿದ್ದು ಮಾಡು ಎಂದೆ.

ಜನವರಿ 26, ಭಾನುವಾರ

ಅಜ್ಜಂಪುರಕ್ಕೆ ಹೋಗಿ ಬಂದೆವು. ಕಾರು ಮಾಡಿಸಿ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತಿದ್ದೆ. ಮನೆ ನೋಡಲು ಹೆಣ್ಣನ್ನು ಕರೆದುಕೊಂಡು ಹೋಗುವ ಪದ್ಧತಿ ಇಲ್ಲ, ದೀಪು ಮನೆಯಲ್ಲೇ ಇದ್ದಳು.

ನಮ್ಮವರಲ್ಲಿ ಮನೆ ನೋಡಲು ಹೋದವರಿಗೆ ಒಂದು ಗೆರೆ ಇದೆ. ಉಪ್ಪಿಟ್ಟು, ಕಾಫಿಗೆ ಕೈ ಹಾಕಬಹುದು. ಅದರಿಂದ ಏನೂ ಆಗುವುದಿಲ್ಲ, ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಬರಬಹುದು. ಎಲೆ ಮುಂದೆ ಕೂತು ಉಂಡರೆ ಸಂಬಂಧ ಒಪ್ಪಿದ ಹಾಗೆ. ಬಾಯಲ್ಲಿ ಹೇಳುವುದೇನೂ ಬೇಕಿಲ್ಲ.

ಮನೆ ಚೆನ್ನಾಗಿದೆ, ಅಂಗಳದ ತುಂಬ ಕೊಬ್ಬರಿ ಹರವಿದ್ದರು. ಸೋಮಶೇಖರಪ್ಪ ದೊಡ್ಡ ದನಿಯ ಮನುಷ್ಯ. ಹುಡುಗ ನೀರು ತಂದುಕೊಟ್ಟ. ಏನು ಓದಿದ್ದೀಯಪ್ಪ ಎಂದು ಕೇಳಿದರೆ ಮೊದಲು ಅಪ್ಪನ ಮುಖ ನೋಡಿದ. ಉತ್ತರ ಅಪ್ಪನೇ ಹೇಳಿದರು.

"ಮದ್ವೆ ಆದ್ಮೇಲೆ ಹೆಣ್ಮಗು ತರೀಕೆರೆಗೆ ಓಡಾಡದೇನ್ ಬ್ಯಾಡ ಕಣ್ರೀ. ಕೆಲ್ಸ ಬಿಟ್ಟು ಮನೆ ನೋಡ್ಕಂಡಿರ್ಲಿ. ನಮ್ಗೇನ್ ಕಮ್ಮಿಯಾಗೈತೆ?" ಎಂದರು. ನಾನು ಏನಾದರೂ ಹೇಳುವಷ್ಟರಲ್ಲಿ ಒಳಗಿನಿಂದ ಎಲೆ ಬಂತು. ನನಗಾಗಿ ಮೇಜು, ಕುರ್ಚಿ, ಕಾಲಿಡಲು ದಿಂಬು. ಅಕ್ಕ ಕಿವಿಯಲ್ಲಿ "ಕೂತ್ಕ ರುದ್ರ, ಇಂಥ ಮನೆ ಮತ್ತೆ ಸಿಗಲ್ಲ" ಎಂದಳು. ವಾಕರನ್ನು ಯಾರೋ ಆಚೆ ತೆಗೆದಿಟ್ಟಿದ್ದರು. ಪ್ಲಾಸ್ಟರ್ ಕಾಲಿನವನು ಎದ್ದು ಹೋಗುವುದಾದರೂ ಹೇಗೆ? ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. ಉಂಡೆ. ಕೈ ತೊಳೆಯುವ ಹೊತ್ತಿಗೆ ಸೋಮಶೇಖರಪ್ಪ ನನ್ನನ್ನು "ಬೀಗ್ರೇ" ಎಂದು ಕರೆಯತೊಡಗಿದ್ದರು. ಫೆಬ್ರವರಿ ಹದಿನಾರಕ್ಕೆ ನಮ್ಮ ಮನೆಯಲ್ಲಿ ವೀಳ್ಯಶಾಸ್ತ್ರ ಎಂದಾಯಿತು.

ಕಾಲು ಸರಿ ಇದ್ದಿದ್ದರೆ ಬೇರೆ ಮಾತು. ದೀಪುವಿಗೆ ಸಮಯ ನೋಡಿ ಹೇಳಬೇಕು. ಈಗಲೇ ಹೇಳಿದರೆ ಆ ದುಷ್ಯಂತನ ಕಿವಿಗೆ ಬೀಳುತ್ತದೆ.

ಜನವರಿ 27, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ. ಮನೆ ಹೇಗಿತ್ತು ಅಪ್ಪಾಜಿ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಏನ್ ತಿಂದ್ರಿ ಎಂದು ಕೇಳಿದಳು. ಉಪ್ಪಿಟ್ಟು ಎಂದೆ.

ಜನವರಿ 31, ಶುಕ್ರವಾರ

ಮಧ್ಯಾಹ್ನ ಕಲ್ಲೇಶ ಬಂದಿದ್ದ. ಮುಖ ಸಪ್ಪಗಿತ್ತು.

ದುಷ್ಯಂತ ಅವಳ ಬ್ಯಾಂಕಿನ ಕ್ಯಾಷಿಯರ್. ಮದುವೆಯಾಗಿದೆ, ಮಗು ಇದೆ. ಹೆಂಡತಿಯೂ ಅದೇ ಕಾರ್ಟೂನು ನೋಡುತ್ತಾಳಂತೆ, ಮೂವರೂ ಫೋನಿನಲ್ಲಿ ಅದನ್ನೇ ಚರ್ಚೆ ಮಾಡುತ್ತಾರಂತೆ. ಗಾಡಿಯಲ್ಲಿ ದೀಪು ಕೂರುವುದು ಟೀಚರಮ್ಮಂದಿರ ಜೊತೆ. ಬೇರೆ ಯಾರೂ ಇಲ್ಲ.

"ಸರಿಯಾಗಿ ನೋಡಿದೆಯಾ" ಎಂದು ಕೇಳಿದೆ.

"ನೋಡಿದೆ ಮೂರ್ತಣ್ಣ. ಎರಡನೇ ದಿನವೇ ಸಿಕ್ಬಿದ್ದೆ. ಸೀದಾ ನನ್ನ ಹತ್ರ ಬಂದು ಹೇಳಿದ್ಳು, 'ಅಂಕಲ್, ಅಪ್ಪಾಜಿಗೆ ಹೇಳಿ, ಕೇಳೋದಿದ್ರೆ ನನ್ನನ್ನೇ ಕೇಳ್ಲಿ' ಅಂತ. ನನಗೆ ತಲೆ ಎತ್ತೋಕಾಗ್ಲಿಲ್ಲ. ಇನ್ನೊಂದ್ಸಲ ಇಂಥ ಕೆಲ್ಸ ನಂಗೆ ಹಚ್ಬೇಡ."

ಅಂದರೆ ಒಂದು ವಾರದಿಂದ ಅವಳಿಗೆ ಗೊತ್ತು. ಒಂದು ವಾರದಿಂದ ಸಂಜೆ ಬಂದು ಕಾಫಿ ಕೊಟ್ಟು ನನ್ನ ಪಕ್ಕ ಕೂತು ನೋಡುತ್ತಿದ್ದಾಳೆ. ಒಂದು ಮಾತು ಆಡಿಲ್ಲ. ಯಾಕೆ ಆಡಿಲ್ಲ? ಹುಡುಗ ಇಲ್ಲದಿದ್ದರೆ ಮದುವೆಗೆ "ನೋಡೋಣ" ಎನ್ನುವುದೇಕೆ? ಇನ್ನೂ ಏನೋ ಇದೆ.

ಇವತ್ತು ಒಂಬತ್ತನೇ ಕಂತು. ಬರೀ ಕತ್ತಿವರಸೆ. ರಾಕ್ಷಸಿ ಒಬ್ಬಳು ಕಾರಣವಿಲ್ಲದೆ ನಗುತ್ತಾಳೆ, ಹಿಮದಲ್ಲೂ ಮೈತುಂಬ ಬಟ್ಟೆ ಇಲ್ಲ. ಪಾಪ, ನಮ್ಮ ಹಿಸಾನೆ ಈ ಕಂತಿನಲ್ಲಿ ಬರುವುದೇ ಎರಡು ನಿಮಿಷ.

ಫೆಬ್ರವರಿ 3, ಸೋಮವಾರ

ಹತ್ತನೇ ಕಂತು ನೋಡಿ ಮೈ ಉರಿಯಿತು.

ಈ ದೊರೆ ಎಂಥ ಮನುಷ್ಯ. ಬೆಟ್ಟದ ಭೂತದ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಹಿಸಾನೆಯ ಪ್ರಾಣಕ್ಕೆ ಅಪಾಯ ಬಾರದಂತೆ ಭೂತ ಕಾಯಬೇಕು, ಅದಕ್ಕೆ ಬದಲಾಗಿ ಅವಳು ಇನ್ನು ಯಾವತ್ತೂ ಲಾಂದ್ರ ಹಚ್ಚುವಂತಿಲ್ಲ. ಅವಳಿಗೆ ಇದು ಗೊತ್ತೇ ಇಲ್ಲ. ಅವಳು ಒಳಗೆ ಕೂತು ಹೊಸ ಲಾಂದ್ರಕ್ಕೆ ಕಾಗದ ಅಂಟಿಸುತ್ತಿದ್ದಾಳೆ. ಇವನು ಆಚೆ ಅವಳ ಕೈಯ ಕೆಲಸವನ್ನೇ ಬರೆದುಕೊಟ್ಟು ಬಂದು, ಅವಳ ಎದುರು ಕೂತು, ಅವಳು ಮಾಡಿದ ಸಾರು ಕುಡಿಯುತ್ತಾನೆ. ಚೆನ್ನಾಗಿದೆ ಎನ್ನುತ್ತಾನೆ.

"ನಾಚಿಕೆ ಆಗಲ್ವಾ ಇವನಿಗೆ? ಅವಳದ್ದು ಅಂತ ಇರೋದೇ ಅದೊಂದು. ಯಾರನ್ನ ಕೇಳಿ ಕೊಟ್ಟ?" ಎಂದೆ. ದನಿ ಸ್ವಲ್ಪ ಜೋರಾಗಿತ್ತು.

ದೀಪು ಟಿವಿ ನಿಲ್ಲಿಸಿದಳು. "ಅವನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ ಅಪ್ಪಾಜಿ?"

"ನಾನಾಗಿದ್ರೆ ಮೊದ್ಲು ಕೇಳ್ತಿದ್ದೆ."

ಅವಳು ನನ್ನನ್ನೇ ನೋಡುತ್ತಾ ಕೂತಳು. ನಾನು ಕಿಟಕಿಯ ಕಡೆ ನೋಡಿದೆ, ಬೀದಿಯಲ್ಲಿ ಯಾರೋ ಹೋಗುತ್ತಿದ್ದಂತಿತ್ತು. "ಸರಿ ಹಾಗಾದ್ರೆ" ಎಂದು ಎದ್ದು ಲೋಟ ತೊಳೆಯಲು ಹೋದಳು. ಆ ನೋಟದ ಅರ್ಥ ಏನು? ಇವಳಿಗೆ ಏನಾದರೂ ತಿಳಿದಿದೆಯೇ?

ಆ ಚಿಕ್ಕಪ್ಪನೂ ಸರಿ ಇಲ್ಲ. ಮೊದಲನೇ ಕಂತಿನಲ್ಲೇ ನನಗೆ ಅವನ ಮೇಲೆ ಅನುಮಾನ ಬಂದಿತ್ತು.

ಫೆಬ್ರವರಿ 6, ಗುರುವಾರ

ಅಕ್ಕನ ಫೋನು. ವೀಳ್ಯಕ್ಕೆ ಅವರ ಕಡೆಯಿಂದ ಮೂವತ್ತು ಜನ ಬರುತ್ತಾರೆ, ಬೀರೂರಿನಲ್ಲಿ ಅಡುಗೆಯವರನ್ನು ನೋಡಿದ್ದೀಯಾ ಎಂದಳು. ಹುಡುಗಿ ಈ ತಿಂಗಳೇ ರಾಜೀನಾಮೆ ಕೊಟ್ಟರೆ ಒಳ್ಳೆಯದೆಂದು ಸೋಮಶೇಖರಪ್ಪ ಹೇಳಿದರಂತೆ. "ದೀಪೂಗೆ ಹೇಳಿದ್ಯೇನೋ?" ಎಂದಳು. ಹೇಳುತ್ತೇನೆ ಎಂದೆ.

ಸಂಜೆ ಹೇಳಬೇಕೆಂದು ಕೂತಿದ್ದೆ. ಅವಳು ಬಂದವಳೇ ಇವತ್ತು ಬ್ಯಾಂಕಿನಲ್ಲಿ ಒಬ್ಬ ಮುದುಕಿಗೆ ನಿಂತುಹೋಗಿದ್ದ ಪಿಂಚಣಿ ಮತ್ತೆ ಬರುವಂತೆ ಮಾಡಿಸಿದ್ದನ್ನು ಹೇಳತೊಡಗಿದಳು. ಆ ಮುದುಕಿ ಇವಳ ಕೆನ್ನೆ ಸವರಿ ಹೋದಳಂತೆ. ಹೇಳುವಾಗ ಬ್ಯಾಗನ್ನೂ ಕೆಳಗಿಟ್ಟಿರಲಿಲ್ಲ. ಇವತ್ತು ಬೇಡ ಎನ್ನಿಸಿತು.

ಫೆಬ್ರವರಿ 8, ಶನಿವಾರ

ಕಡೆಯ ಕಂತು.

ಹಿಸಾನೆಗೆ ಎಲ್ಲ ಗೊತ್ತಾಗಿದೆ. ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಬಂದು ನಿಂತಿದ್ದಾಳೆ. ದೊರೆ ಓಡಿಬರುತ್ತಾನೆ, ಮೊದಲ ಬಾರಿಗೆ ಅವಳಿಗೆ ಮುಖ ಕೊಟ್ಟು ನಿಲ್ಲುತ್ತಾನೆ. ನೆರಳು ಬಂದು ಅವನ ಕಾಲಿಗೆ ಕೂಡಿಕೊಳ್ಳುತ್ತದೆ. ಏನೋ ಕೇಳಬೇಕೆಂದು ಬಾಯಿ ತೆರೆಯುತ್ತಾನೆ. ಅಷ್ಟಕ್ಕೆ ಹಾಡು. ಹೆಸರುಗಳು ಬಂದವು, ಮುಗಿಯಿತು. ಎರಡನೇ ಭಾಗ ಬರುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲವಂತೆ.

ನನ್ನ ತೀರ್ಮಾನ ಬರೆದಿಡುತ್ತೇನೆ. ಹನ್ನೆರಡು ಕಂತಿನ ಕಥೆಯನ್ನು ಎಂಟರಲ್ಲಿ ಹೇಳಬಹುದಿತ್ತು. ಬಿಸಿನೀರಿನ ಬುಗ್ಗೆಯ ಕಂತು ದಂಡ. ರಾಕ್ಷಸಿ ದಂಡ. ಹುಡುಗಿ ಮಾತುಮಾತಿಗೂ ಕ್ಷಮಿಸಿ ಎನ್ನುವುದು ಅತಿ. ಆದರೆ ಲಾಂದ್ರ ಹಚ್ಚುವಾಗ ಅವಳು ಉಸಿರು ಬಿಗಿಹಿಡಿಯುವುದು, ಸಾರಿನ ಪಾತ್ರೆಯ ಹಬೆ, ಆ ನೆರಳು, ಇವನ್ನು ಬರೆದವರಿಗೆ ಮನುಷ್ಯರನ್ನು ನೋಡಲು ಬರುತ್ತದೆ. ಅಂಥವರು ಕೊನೆಯಲ್ಲಿ ಹೀಗೆ ಕೈಕೊಟ್ಟರಲ್ಲ ಎಂಬುದೇ ನನ್ನ ಸಿಟ್ಟು. ಅಷ್ಟು ಕಾದಿದ್ದಕ್ಕೆ ಒಂದು ಪ್ರಶ್ನೆಯನ್ನಾದರೂ ಕೇಳಿಸಬೇಕಿತ್ತು.

ಇದನ್ನೇ ದೀಪುವಿಗೆ ಹೇಳುತ್ತಿದ್ದೆ. ನನ್ನ ಫೋನು ಅವಳ ಪಕ್ಕದಲ್ಲಿತ್ತು, ಹೊಡೆದುಕೊಂಡಿತು, ಅವಳೇ ಎತ್ತಿದಳು. ಅಕ್ಕ. ಅಕ್ಕನ ಗಂಟಲು ಇಲ್ಲಿಯವರೆಗೂ ಕೇಳುತ್ತದೆ.

"ಹದ್ನಾರಕ್ಕೆ ಯಾವ ಸೀರೆ ಉಡ್ತೀಯೇ ದೀಪು? ಅವ್ರ ಕಡೆ ಹಸ್ರು ತರ್ತಾರಂತೆ ಕಣೇ."

"ಹದಿನಾರಕ್ಕೆ ಏನು ಅತ್ತೆ?"

ಆ ಕಡೆ ಅಕ್ಕ "ಅಯ್ಯೋ" ಎಂದಳು. ಆಮೇಲೆ ಏನೇನೋ ಹೇಳಿದಳು. ದೀಪು ಪೂರ್ತಿ ಕೇಳಿಸಿಕೊಂಡು ಫೋನು ಮೇಜಿನ ಮೇಲಿಟ್ಟಳು.

"ಅಲ್ಲಿ ಊಟ ಮಾಡಿ ಬಂದ್ರಾ ಅಪ್ಪಾಜಿ?"

"ಎಲೆ ಹಾಕ್ಬಿಟ್ಟಿದ್ರು. ವಾಕರ್ ಎಲ್ಲೋ ಇಟ್ಟಿದ್ರು. ಈ ಕಾಲು..."

"ಸರಿ" ಎಂದಳು. ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದಳು. ನನ್ನ ಅಂಗಿಗಳನ್ನೂ ಮಡಿಸಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 9, ಭಾನುವಾರ

ಅನ್ನ ಬಡಿಸಿದಳು, ಮಾತ್ರೆ ಕೊಟ್ಟಳು. ಟಿವಿ ಹಾಕಲಿಲ್ಲ. ನಾನೂ ಹಾಕು ಎನ್ನಲಿಲ್ಲ.

ಫೆಬ್ರವರಿ 10, ಸೋಮವಾರ

ಅವಳು ಕೆಲಸಕ್ಕೆ ಹೋದ ಮೇಲೆ ಆಟೋ ಕರೆಸಿ ಸ್ಟೇಷನ್ನಿಗೆ ಹೋದೆ. ಹುಬ್ಬಳ್ಳಿ ಕಡೆಯ ಪ್ಯಾಸೆಂಜರಿಗೆ ಇಬ್ಬರು ಪೋರ್ಟರುಗಳು ಹತ್ತಿಸಿದರು. ಅಜ್ಜಂಪುರದಲ್ಲಿ ಇಳಿದು ಸೋಮಶೇಖರಪ್ಪನವರ ಮಂಡಿಗೆ ಹೋದೆ. ನಾನು ಮನಸ್ಸು ಬದಲಿಸುವ ಜಾತಿಯವನಲ್ಲ. ಆ ಮನೆಯವರ ಮೇಲೆ ನನಗೆ ಅನುಮಾನ ಬಂದಿತ್ತು, ಅಷ್ಟೇ. ಬಂದವನ ವಾಕರನ್ನು ಎತ್ತಿಟ್ಟು ಊಟ ಹಾಕುವವರು ಎಂಥವರು?

ಈರುಳ್ಳಿ ಮೂಟೆಗಳ ನಡುವೆ ಕುರ್ಚಿ ಹಾಕಿಸಿದರು. "ಬನ್ನಿ ಬೀಗ್ರೇ, ಈ ಕಾಲಿಟ್ಕಂಡು ಯಾಕ್ ಬರಕ್ ಹೋದ್ರಿ? ಒಂದು ಫೋನ್ ಮಾಡಿದ್ರೆ ನಾವೇ ಬತ್ತಿರ್ಲಿಲ್ವಾ?"

"ಅವತ್ತು ನಾನು ಇಲ್ಲಿ ಉಂಡಿದ್ದು ತಪ್ಪಾಯ್ತು ಸೋಮಶೇಖರಪ್ಪನೋರೇ" ಎಂದೆ.

"ಯಾಕ್ರೀ, ಊಟದಾಗೆ ಏನಾರ ಹೆಚ್ಚುಕಮ್ಮಿ ಆಯ್ತಾ?"

"ಊಟ ಚೆನ್ನಾಗೇ ಇತ್ತು. ಆದ್ರೆ ಉಂಡೋನು ನಾನು. ನನ್ನ ಮಗಳು ಉಂಡಿಲ್ಲ. ಅವಳನ್ನ ಕೇಳ್ದೇ ಉಂಡ್ಬಿಟ್ಟೆ."

"ಮಕ್ಳನ್ನ ಕೇಳ್ಕಂಡು ಯಾರಾದ್ರೂ ಉಣ್ತಾರೇನ್ರೀ? ಮಠಕ್ಕೆ ಹೋಗಿ ಹೇಳ್ಬಂದಿದೀನಿ, ಊರಿಗೆಲ್ಲ ಹೇಳಿದೀನಿ. ಈಗ ಏನಂತ ಹೇಳ್ಲಿ?"

"ಬೀರೂರೋನು ಅವಸರದ ಮನುಷ್ಯ ಅಂತ ಹೇಳಿ. ಅವಳು ಬೇಕು ಅಂದ್ರೆ ನಾನೇ ಬಂದು ಕಾಲು ಹಿಡ್ದು ಕರೀತೀನಿ. ಬೇಡ ಅಂದ್ರೆ ಬೇಡ. ಕೆಲ್ಸದ ವಿಷ್ಯವೂ ಅಷ್ಟೇ, ಅವಳದ್ದನ್ನ ನಾನು ಬರ್ಕೊಡೋಕಾಗಲ್ಲ."

ಅವರು ಎದ್ದು ಮೂಟೆಗಳ ಕಡೆ ಹೋದರು. ಬೀಗರೇ ಎಂದು ಮತ್ತೆ ಕರೆಯಲಿಲ್ಲ. ಸುದ್ದಿ ಅಕ್ಕನಿಗೆ ಮುಟ್ಟಿ ಅವಳು ಫೋನಿನಲ್ಲಿ "ನನ್ನ ಮುಖಕ್ಕೆ ಮಸಿ ಬಳಿದ್ಬಿಟ್ಟೆ ಕಣೋ ರುದ್ರ, ಇನ್ನು ನನ್ನ ಮನೆ ಬಾಗ್ಲಿಗೆ ಬರ್ಬೇಡ" ಎಂದು ಇಟ್ಟಳು. ಅಕ್ಕನ ಮಾತಿಗೆ ಎದೆ ನೊಂದಿತು. ನನ್ನನ್ನು ಎತ್ತಿ ಆಡಿಸಿದವಳು.

ಸ್ಟೇಷನ್ನಿಗೆ ಕಾರಿನಲ್ಲಿ ಬಿಟ್ಟವನು ಹುಡುಗ ಓಂಕಾರೇಶ್. ದಾರಿಯುದ್ದಕ್ಕೂ ಮಾತಿಲ್ಲ. ಇಳಿಸಿ, ವಾಕರ್ ಕೈಗೆ ಕೊಟ್ಟು, ಒಂದು ಚೀಟಿಯಲ್ಲಿ ತನ್ನ ನಂಬರು ಬರೆದುಕೊಟ್ಟ. "ಅವ್ರಿಗೆ ಮಾತಾಡ್ಬೇಕು ಅನ್ಸಿದ್ರೆ ಮಾಡ್ಲಿ ಸಾರ್. ಇಲ್ಲ ಅಂದ್ರೆ ಬೇಡ" ಎಂದ. ಅಪ್ಪನಿಗೆ ಕಾಣದಂತೆ ನಂಬರು ಕೊಡುವ ಹುಡುಗ. ಇದರಲ್ಲೂ ಏನೋ ಇದೆ ಎಂದುಕೊಂಡು ಗಾಡಿ ಹತ್ತಿದೆ.

ಸಂಜೆ ದೀಪು ಬಂದು ಚಪ್ಪಲಿ ಬಿಡುವಾಗಲೇ ಶುರು ಮಾಡಿದೆ, ತಡ ಮಾಡಿದರೆ ನನ್ನಿಂದ ಆಗುತ್ತಿರಲಿಲ್ಲ. ಅಜ್ಜಂಪುರಕ್ಕೆ ಹೋಗಿ ಬಂದದ್ದು, ಆಡಿದ ಮಾತು, ಕೆಲಸ ಬಿಡಬೇಕೆಂದಿದ್ದನ್ನು ಮುಚ್ಚಿಟ್ಟಿದ್ದು, ಎಲ್ಲ ಹೇಳಿದೆ. ಕಲ್ಲೇಶನ ವಿಷಯವನ್ನೂ ಹೇಳಿದೆ. ಆಮೇಲೆ ಕೇಳಿದೆ: "ದೀಪು, ನಿಂಗೆ ಈ ಸಂಬಂಧ ಬೇಕಾ?"

ಅವಳು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ತುಂಬಿಕೊಂಡಿತು. "ಗೊತ್ತಿಲ್ಲ ಅಪ್ಪಾಜಿ. ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡೋಕೇ ಯಾರೂ ಬಿಟ್ಟಿರ್ಲಿಲ್ಲ. ಬೇಡ ಅಂದ್ರೆ ಯಾರವನು ಅಂತೀರ. ಬೇಕು ಅಂದ್ರೆ ಅಲ್ಲಿಗೆ ನನ್ನ ಮಾತು ಮುಗೀತು. ಅದಕ್ಕೇ ನೋಡೋಣ ಅಂತಿದ್ದೆ."

ಚೀಟಿ ಕೊಟ್ಟೆ. ಅದನ್ನು ಹಿಡಿದು ತನ್ನ ಕೋಣೆಗೆ ಹೋದಳು, ಬಾಗಿಲು ಮುಂದಕ್ಕೆ ಹಾಕಿಕೊಂಡಳು. ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಎಲ್ಲವೂ ಕೇಳಿಸುತ್ತಿತ್ತು. ವಾಕರನ್ನು ಆಚೆ ತಳ್ಳಿ ಕುರ್ಚಿಯಲ್ಲೇ ಕೂತೆ. ಒಮ್ಮೆ ಅವಳು ನಕ್ಕಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಅವಳು ಏನೂ ಮಾತಾಡಲಿಲ್ಲ, ಆ ಕಡೆಯವನೇ ಮಾತಾಡುತ್ತಿದ್ದನೆಂದು ಕಾಣುತ್ತದೆ. ಬಾಯಿ ಸತ್ತವನು ಎಂದಿದ್ದಳು ಅಕ್ಕ.

ಹೊರಗೆ ಬಂದು ನನ್ನ ಎದುರು ನೆಲದ ಮೇಲೆ ಕೂತಳು. ಬೇಕೆಂದಳೋ ಬೇಡವೆಂದಳೋ, ಮುಖದಲ್ಲಿ ನನಗೆ ಓದಲಾಗಲಿಲ್ಲ.

"ಅವ್ರನ್ನೂ ಯಾರೂ ಕೇಳಿರ್ಲಿಲ್ವಂತೆ ಅಪ್ಪಾಜಿ" ಎಂದಳು. "ಕೇಳಿದ್ದು ನಾನೇ ಮೊದಲಂತೆ."